ನೀವೊಬ್ಬರೇ ಹೀಗೆ ಹೇಳುತ್ತಿರುವುದು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿಟ್ಟಿನವು. ಕೆಲವರಿಗೆ ಕಂಪನಿಗಳ ಮೇಲೆ, ಕೆಲವರಿಗೆ ಸರ್ಕಾರಿ ಕಚೇರಿಗಳ ಮೇಲೆ, ಹಲವರಿಗೆ ಎರಡರ ಮೇಲೂ. ಹೊಸ ಓದುಗರಿಗೆ ಗೊತ್ತಿರಲಿ: ಈ ಅಂಕಣಕ್ಕೆ ಬರುವ ಮೊದಲು ನಾನು ಹನ್ನೊಂದು ವರ್ಷ ಒಂದು ದೊಡ್ಡ ಕಂಪನಿಯ ದೂರು ವಿಭಾಗದಲ್ಲಿದ್ದೆ. ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಕಂಡದ್ದನ್ನೂ ನಾನೇ ಮಾಡಿದ್ದನ್ನೂ ಮುಚ್ಚಿಟ್ಟು ಈ ಪತ್ರಗಳಿಗೆ ಉತ್ತರಿಸಲು ನನಗೆ ಮನಸ್ಸಾಗುತ್ತಿಲ್ಲ.

ಪ್ರಶ್ನೆ: ಕಂಪನಿಗಳ ದುರಾಸೆಯೇ ಎಲ್ಲ ಕಷ್ಟಕ್ಕೂ ಮೂಲ ಎಂದು ನನ್ನ ಮಗಳು ವಾದಿಸುತ್ತಾಳೆ. ಸರ್ಕಾರ ಎಲ್ಲದರಲ್ಲೂ ಕೈಯಾಡಿಸುವುದೇ ಮೂಲ ಎಂದು ನಾನು ಹೇಳುತ್ತೇನೆ. ಊಟಕ್ಕೆ ಕುಳಿತಾಗಲೆಲ್ಲ ಇದೇ ಜಗಳ. ನಮ್ಮಿಬ್ಬರಲ್ಲಿ ಯಾರು ಸರಿ? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ಇಬ್ಬರ ಸಿಟ್ಟಿಗೂ ಕಾರಣವಿದೆ. ಆದರೆ ಇವು ಎರಡು ಬೇರೆ ಬೇರೆ ಕೈಗಳು ಎಂದು ನೀವಿಬ್ಬರೂ ಒಪ್ಪಿಕೊಂಡುಬಿಟ್ಟಿದ್ದೀರಲ್ಲ, ನನ್ನ ತಕರಾರು ಅಲ್ಲಿದೆ.

1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿತ್ತು. ಅದರ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಬ್ರಿಟನ್ನಿನ ಸಂಸತ್ತು ಒಂದು ಕಾಯ್ದೆ ಮಾಡಿ, ಆ ಚಹಾವನ್ನು ಅಮೆರಿಕದ ವಸಾಹತುಗಳಿಗೆ ನೇರವಾಗಿ ಒಯ್ದು ತನಗೆ ಬೇಕಾದ ವರ್ತಕರ ಮೂಲಕ ಮಾರಲು ಕಂಪನಿಗೆ ದಾರಿ ಮಾಡಿಕೊಟ್ಟಿತು. ಅಲ್ಲಿನವರ ಒಪ್ಪಿಗೆಯಿಲ್ಲದೆ ಹೇರಿದ್ದ ಚಹಾ ಸುಂಕವನ್ನು ಹಾಗೆಯೇ ಉಳಿಸಿತು. ಗಮನಿಸಿ, ಇದರಿಂದ ಚಹಾ ಅಗ್ಗವಾಗುವುದರಲ್ಲಿತ್ತು. ಆದರೂ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ಕಳ್ಳಸಾಗಣೆಯ ಚಹಾ ಮಾರುತ್ತಿದ್ದವರಿಗೆ ಹೊಟ್ಟೆಪಾಡಿನ ಕಾರಣವೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಉಳಿದವರನ್ನು ಕೆರಳಿಸಿದ್ದು ಬೇರೆಯದೇ ಸಂಗತಿ. ಕಂಪನಿಯ ನಷ್ಟವನ್ನೂ ದೊರೆಯ ಸುಂಕವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ, ತಮ್ಮನ್ನು ಒಂದು ಮಾತೂ ಕೇಳದೆ ತಮ್ಮ ಬಂದರಿಗೆ ತಂದು ಇಳಿಸುವುದನ್ನು ಅವರು ಸಹಿಸಲಿಲ್ಲ.

ಇದು ಹಳೆಯ ಕಥೆಯೆನಿಸಿದರೆ ಹೊಸದೊಂದನ್ನು ಕೇಳಿ. ವ್ಯಕ್ತಿಯೊಬ್ಬ ಎಲ್ಲೆಲ್ಲಿ ಓಡಾಡಿದ ಎಂಬ ದಾಖಲೆಯನ್ನು ಮೊಬೈಲ್ ಕಂಪನಿಯಿಂದ ಪಡೆಯಲು ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಜನ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಮೊಬೈಲ್ ಆ್ಯಪ್‌ಗಳು ಒಟ್ಟುಮಾಡಿದ ಅಂಥದೇ ಮಾಹಿತಿಯನ್ನು ದಲ್ಲಾಳಿ ಕಂಪನಿಗಳಿಂದ ವಾರಂಟ್ ಇಲ್ಲದೆಯೇ ಖರೀದಿಸುತ್ತಿರುವುದಾಗಿ ಆ ದೇಶದ ರಕ್ಷಣಾ ಗುಪ್ತಚರ ಸಂಸ್ಥೆ 2021ರಲ್ಲಿ ಒಪ್ಪಿಕೊಂಡಿತು. ಕಂಪನಿ ಲಾಭಕ್ಕಾಗಿ ಕೂಡಿಟ್ಟದ್ದನ್ನು ಸರ್ಕಾರ ಹಣ ಕೊಟ್ಟು ಕೊಂಡಿತು. ಈಗ ಹೇಳಿ, ಇದು ನಿಮ್ಮ ಮಗಳ ವಾದಕ್ಕೆ ಸಾಕ್ಷಿಯೋ, ನಿಮ್ಮದಕ್ಕೋ?

ಮುಂದಿನ ಸಲ ಊಟಕ್ಕೆ ಕುಳಿತಾಗ ಒಂದೇ ಒಂದು ಅನ್ಯಾಯವನ್ನು ಹಿಡಿದುಕೊಳ್ಳಿ. ಇದನ್ನು ತೀರ್ಮಾನಿಸಿದವರು ಯಾರು, ಅವರನ್ನು ಪ್ರಶ್ನಿಸಲು ಯಾವ ಬಾಗಿಲು ತಟ್ಟಬೇಕು ಎಂದು ಇಬ್ಬರೂ ಸೇರಿ ಹುಡುಕಿ. ತಂದೆ ಮಗಳು ಒಂದೇ ಕಡೆ ಕುಳಿತಿರುತ್ತೀರಿ ಎಂದು ನನ್ನ ನಂಬಿಕೆ.

ಪ್ರಶ್ನೆ: ಒಂದು ಚಂದಾ ಸೇವೆಗೆ ಸೇರಲು ಒಂದು ನಿಮಿಷ ಸಾಕಾಯಿತು. ಬಿಡಲು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ನನಗೇ ಮೊಬೈಲ್ ಬಳಸಲು ಬರುವುದಿಲ್ಲವೇನೋ ಎಂದು ನಾಚಿಕೆಯಾಗುತ್ತಿದೆ.

ಉತ್ತರ: ನಾಚಿಕೊಳ್ಳಬೇಕಾದವರು ನೀವಲ್ಲ. ಹೊರಗೆ ಹೋಗುವ ದಾರಿಯನ್ನು ಬೇಕೆಂದೇ ಸುತ್ತುಬಳಸಾಗಿ ಕಟ್ಟಿರುತ್ತಾರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ದಾವೆ ಹೂಡಿತು. ಪ್ರೈಮ್ ಸದಸ್ಯತ್ವ ಬಿಡಲು ಹೊರಟವರು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು ಎಂಬುದು ಅದರ ಆರೋಪ. ಕಂಪನಿಯ ಒಳಗೆ ಆ ದಾರಿಗೆ ‘ಇಲಿಯಡ್’ ಎಂಬ ಹೆಸರಿತ್ತಂತೆ. ಟ್ರಾಯ್ ನಗರದ ದೀರ್ಘ ಯುದ್ಧವನ್ನು ಹಾಡುವ ಮಹಾಕಾವ್ಯದ ಹೆಸರು. 2025ರ ಸೆಪ್ಟೆಂಬರಿನಲ್ಲಿ ಕಂಪನಿ 250 ಕೋಟಿ ಡಾಲರ್ ಕೊಡಲು ಒಪ್ಪಿ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿತು. ಜರ್ಮನಿಯಲ್ಲಿ 2022ರ ಜುಲೈ 1ರಿಂದ, ಅಂತರ್ಜಾಲದಲ್ಲಿ ಇಂಥ ಚಂದಾ ಒಪ್ಪಂದ ಮಾಡಿಸಿಕೊಳ್ಳುವ ಕಂಪನಿ ಅದನ್ನು ರದ್ದು ಮಾಡುವ ಗುಂಡಿಯನ್ನೂ ಎದ್ದು ಕಾಣುವಂತೆ ಇಡಲೇಬೇಕು.

ನೀವು ಸದ್ಯಕ್ಕೆ ಮಾಡಬೇಕಾದದ್ದು: ರದ್ದು ಮಾಡಿ ಎಂದು ಎರಡು ಸಾಲಿನ ಈಮೇಲ್ ಕಳುಹಿಸಿ ಅದನ್ನು ಉಳಿಸಿಕೊಳ್ಳಿ, ಪ್ರತಿ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಆದೇಶವನ್ನು ನಿಲ್ಲಿಸಲು ಬ್ಯಾಂಕಿಗೆ ಬರೆದುಕೊಡಿ.

ಪ್ರಶ್ನೆ: ಮೊಬೈಲಿನ ಚಾರ್ಜರ್ ತೂತು ಹೇಗಿರಬೇಕು ಎಂದು ಸರ್ಕಾರಗಳು ಕಾನೂನು ಮಾಡುವುದು ಅತಿಯಾಯಿತಲ್ಲವೇ?

ಉತ್ತರ: ಅಲ್ಲ. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್‌ಗಳಿಗೆ ಯುಎಸ್‌ಬಿ-ಸಿ ಎಂಬ ಒಂದೇ ಬಗೆಯ ಚಾರ್ಜರ್ ತೂತನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು, ನೀವೇ ಒಂದು ಒಪ್ಪಂದಕ್ಕೆ ಬನ್ನಿ ಎಂದು ಕಂಪನಿಗಳಿಗೆ ಹೇಳಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದಿತ್ತು. ಕಂಪನಿಗಳು ತಮ್ಮ ತಮ್ಮಲ್ಲೇ ಎಂಥ ಒಪ್ಪಂದಕ್ಕೆ ಬರಬಲ್ಲವು ಎಂಬುದಕ್ಕೆ ಹಳೆಯ ಉದಾಹರಣೆಯಿದೆ. 1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡರು. ಸಾಮಾನ್ಯ ಬಲ್ಬ್ ಉರಿಯಬೇಕಾದದ್ದು 1,000 ಗಂಟೆ ಎಂದು ಗೊತ್ತುಮಾಡಿದರು. ಹೆಚ್ಚು ಬಾಳಿಕೆಯ ಬಲ್ಬ್ ಮಾಡಿದ ಸದಸ್ಯರಿಗೆ ದಂಡ!

ಒಂದು ನಿಯಮ ಯಾರ ಕೈ ಕಟ್ಟುತ್ತದೆ ಎಂದು ನಾನು ಮೊದಲು ನೋಡುತ್ತೇನೆ. ಚಾರ್ಜರ್ ನಿಯಮ ಬಲಾಢ್ಯರ ಕೈ ಕಟ್ಟಿತು, ಅದೂ ಬಹಿರಂಗ ಚರ್ಚೆಯ ನಂತರ. ಮುಂದಿನ ಪತ್ರದಲ್ಲಿ ಇರುವುದು ಇನ್ನೊಂದು ಬಗೆ.

ಪ್ರಶ್ನೆ: ನನ್ನ ತಾಯಿಯ ಪಿಂಚಣಿ ನಿಂತುಹೋಗಿದೆ. ದಾಖಲೆಯ ಪ್ರಕಾರ ಅವರು ತೀರಿಕೊಂಡಿದ್ದಾರೆ. ಅಮ್ಮನನ್ನೇ ಕರೆದೊಯ್ದು ಕೌಂಟರಿನ ಮುಂದೆ ನಿಲ್ಲಿಸಿದೆ. ‘ನಮಗೆ ಕಾಣುತ್ತಿದ್ದಾರೆ, ಆದರೆ ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂದರು. ಅಂದಿನಿಂದ ಅಮ್ಮ ಮಾತು ಕಡಿಮೆ ಮಾಡಿದ್ದಾರೆ. ನನಗೆ ಆ ಕಚೇರಿಗೆ ಕಲ್ಲು ಹೊಡೆಯಬೇಕೆನಿಸುತ್ತದೆ.

ಉತ್ತರ: ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಹಣ ಮರಳಿ ಬರಬಹುದು. ಆದರೆ ಬದುಕಿರುವ ಹೆಂಗಸು ತಾನು ಬದುಕಿದ್ದೇನೆಂದು ಒಂದು ಗಾಜಿನ ಕಿಂಡಿಯ ಮುಂದೆ ನಿಂತು ರುಜುವಾತು ಮಾಡಬೇಕಾಯಿತಲ್ಲ, ಅದರ ನೋವು ಹಣದ ಜೊತೆ ಮರಳಿ ಹೋಗುವುದಿಲ್ಲ. ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ ಎಂದು ಅಮ್ಮನಿಗೆ ದಿನವೂ ಹೇಳಿ.

ತಪ್ಪು ಯಂತ್ರದ್ದಾದರೂ ಅದನ್ನು ತಿದ್ದುವ ಹೊಣೆಯನ್ನು ಬಡವರ ತಲೆಗೆ ಕಟ್ಟುವುದು ಒಂದೇ ಕಚೇರಿಯ ಚಾಳಿಯಲ್ಲ. ಆಸ್ಟ್ರೇಲಿಯಾ ಸರ್ಕಾರ 2015ರಲ್ಲಿ ಆರಂಭಿಸಿದ ಒಂದು ವಸೂಲಿ ಯೋಜನೆಗೆ ಜನ ‘ರೋಬೋಡೆಟ್’ ಎಂದು ಹೆಸರಿಟ್ಟರು. ನಿರುದ್ಯೋಗ ಭತ್ಯೆಯಂಥ ನೆರವು ಪಡೆದವರ ಇಡೀ ವರ್ಷದ ಆದಾಯವನ್ನು ತೆರಿಗೆ ದಾಖಲೆಯಿಂದ ತೆಗೆದು, ಎರಡು ವಾರಕ್ಕೊಂದರಂತೆ 26 ಸಮಭಾಗ ಮಾಡುತ್ತಿದ್ದರು. ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದು, ಇನ್ನಾರು ತಿಂಗಳು ದುಡಿದವನು ಈ ಲೆಕ್ಕದಲ್ಲಿ ವರ್ಷವಿಡೀ ದುಡಿದವನಂತೆ ಕಾಣುತ್ತಿದ್ದ. ಹೆಚ್ಚು ಪಡೆದಿದ್ದೀರಿ, ಹಿಂದಿರುಗಿಸಿ ಎಂದು ಅವನಿಗೆ ಪತ್ರ ಹೋಗುತ್ತಿತ್ತು. ಅಲ್ಲವೆನ್ನುವವರು ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕಿ ತರಬೇಕಿತ್ತು. ವಸೂಲಿಗೆ ಖಾಸಗಿ ಏಜೆನ್ಸಿಗಳನ್ನೂ ಬಿಟ್ಟರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಸಿಕ್ಕಿಬಿದ್ದರು. ಇದರ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ ಎಂಬ ಉನ್ನತ ಆಯೋಗ 2023ರ ಜುಲೈಯಲ್ಲಿ ತನ್ನ ವರದಿಯಲ್ಲಿ ಇದನ್ನು ಒರಟು, ಕ್ರೂರ ಎಂದು ಕರೆಯಿತು. ನ್ಯಾಯವೂ ಅಲ್ಲ, ಕಾನೂನಿಗೆ ಒಪ್ಪುವಂಥದೂ ಅಲ್ಲ ಎಂದು ಬರೆಯಿತು.

ಕಲ್ಲು ಹೊಡೆಯಬೇಡಿ. ಕಲ್ಲಿಗೆ ಉತ್ತರ ಬರೆಯುವ ಹೊಣೆ ಯಾರಿಗೂ ಇಲ್ಲ. ಕಾಗದಕ್ಕೆ ಇದೆ.

ನಾನಿದ್ದ ವಿಭಾಗದಲ್ಲಿ ಉತ್ತರದ ಅಚ್ಚುಗಳಿದ್ದವು, ಒಂದರಿಂದ ಒಂಬತ್ತರವರೆಗೆ. ‘ನೀವೆಲ್ಲ ಕಳ್ಳರು’ ಎಂದು ಶುರುವಾಗುವ ಪತ್ರಕ್ಕೆ ನಾಲ್ಕನೆಯ ಅಚ್ಚು: ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ವಿಷಯವನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದೆ. ಹೆಸರು ತುಂಬಿ ಲಕೋಟೆ ಅಂಟಿಸಲು ಒಂದು ನಿಮಿಷವೂ ಬೇಕಿರಲಿಲ್ಲ. ಒಮ್ಮೆ ಗೆರೆ ಎಳೆದ ನೋಟುಪುಸ್ತಕದ ಹಾಳೆಯಲ್ಲಿ ಬರೆದ ಪತ್ರವೊಂದು ಬಂತು. ಬೈಗುಳ ಒಂದೂ ಇರಲಿಲ್ಲ. ಯಾವ ದಿನ, ಯಾವ ಬಿಲ್ಲಿನಲ್ಲಿ, ಎಷ್ಟು ಮೊತ್ತವನ್ನು ಎರಡು ಸಲ ಸೇರಿಸಲಾಗಿದೆ ಎಂದು ಬರೆದು, ನಮ್ಮದೇ ಷರತ್ತುಗಳ ಹನ್ನೆರಡನೆಯ ಕಲಮಿನ ಕೆಳಗೆ ಗೆರೆ ಎಳೆದು ಪ್ರತಿ ಲಗತ್ತಿಸಿದ್ದರು. ಕೊನೆಯಲ್ಲಿ ಒಂದೇ ಕೋರಿಕೆ: ‘ಈ ತೀರ್ಮಾನ ಮಾಡಿದ ಅಧಿಕಾರಿಯ ಹೆಸರು, ಹುದ್ದೆ ಮತ್ತು ಅವರು ಆಧರಿಸಿದ ನಿಯಮವನ್ನು ಲಿಖಿತವಾಗಿ ತಿಳಿಸಿ.’ ಒಂಬತ್ತು ಅಚ್ಚುಗಳಲ್ಲಿ ಯಾವುದೂ ಅದಕ್ಕೆ ಹೊಂದಲಿಲ್ಲ. ಹಾಳೆ ಮೂರು ಮೇಜು ಮೇಲಕ್ಕೆ ಹೋಯಿತು. ವಾರದಲ್ಲಿ ಹಣ ಮರಳಿತು.

ಅಮ್ಮನ ಪರವಾಗಿ ಅಂಥ ಪತ್ರ ಬರೆಯಿರಿ. ಯಾವ ದಾಖಲೆಯ ಆಧಾರದ ಮೇಲೆ, ಯಾವ ದಿನ, ಯಾರು ಅವರನ್ನು ಮೃತರೆಂದು ನಮೂದಿಸಿದರು? ನಿಲ್ಲಿಸುವ ಮೊದಲು ನೋಟಿಸ್ ಕೊಟ್ಟಿದ್ದರೇ? ಮೇಲ್ಮನವಿ ಯಾರಿಗೆ? ಅಸಲು ದಾಖಲೆ ಕೈಬಿಡಬೇಡಿ, ನಕಲು ಕೊಡಿ, ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳಿ. ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಅವರು ನಿಂತದ್ದು ಸಾಕು.

ಪ್ರಶ್ನೆ: ನಾನೊಬ್ಬಳು ಒಂದು ಕಂಪನಿಯ ವಸ್ತು ಕೊಳ್ಳುವುದನ್ನು ಬಿಟ್ಟರೆ ಏನಾಗುತ್ತದೆ?

ಉತ್ತರ: ನೀವೊಬ್ಬರೇ ಬಿಟ್ಟರೆ ಕಂಪನಿಗೆ ಗೊತ್ತೂ ಆಗುವುದಿಲ್ಲ. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ 1880ರಲ್ಲಿ ಭೂಮಾಲೀಕನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಚಾರ್ಲ್ಸ್ ಬಾಯ್ಕಾಟ್ ಎಂಬವನ ಹೊಲಕ್ಕೆ ಕೂಲಿಯವರು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಬೇರೆಡೆಯಿಂದ ಐವತ್ತು ಜನರನ್ನು ಕರೆಸಿ, ಅವರ ಕಾವಲಿಗೆ ಸರ್ಕಾರ ನೂರಾರು ಸೈನಿಕರನ್ನು ನಿಲ್ಲಿಸಿ ಬೆಳೆ ಕೀಳಿಸಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು ಹೆಚ್ಚಾಯಿತು. ಇಂಗ್ಲಿಷಿನಲ್ಲಿ ಬಹಿಷ್ಕಾರಕ್ಕೆ ಇಂದಿಗೂ ಅವನದೇ ಹೆಸರು. ಊರೆಲ್ಲ ಒಟ್ಟಾಗಿ ಬಿಟ್ಟದ್ದರಿಂದ ಅದು ನಡೆಯಿತು. ಹಾಗಾಗಿ ಮೊದಲು ಇನ್ನೊಬ್ಬರನ್ನು ಹುಡುಕಿ.

ಪ್ರಶ್ನೆ: ನಾನು ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ‘ಇಂಥ ದೂರು ಬೇರೆ ಯಾರಿಂದಲೂ ಬಂದಿಲ್ಲ, ನೀವೊಬ್ಬರೇ ಹೀಗೆ ಹೇಳುತ್ತಿರುವುದು’ ಎಂಬ ಉತ್ತರ. ನನ್ನ ಲೆಕ್ಕವೇ ತಪ್ಪಿರಬಹುದೇ?

ಉತ್ತರ: ಇರಬಹುದು, ಇನ್ನೊಮ್ಮೆ ಕೂಡಿ ಕಳೆದು ನೋಡಿ. ಆದರೆ ಆ ವಾಕ್ಯವನ್ನು ನಂಬಿ ಹಿಂದೆ ಸರಿಯಬೇಡಿ. ಅದು ಏನು ಮಾಡಬಲ್ಲದು ಎಂಬುದನ್ನು ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣದಲ್ಲಿ ಲೋಕವೇ ನೋಡಿದೆ.

1999ರಿಂದ ಅಲ್ಲಿನ ಅಂಚೆ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಬಂತು. ಒದಗಿಸಿದ್ದು ಫುಜಿತ್ಸು ಕಂಪನಿ. ಅಳವಡಿಸಿದ್ದು ಸರ್ಕಾರದ ಒಡೆತನದ ಅಂಚೆ ಸಂಸ್ಥೆ. ಸಣ್ಣ ಶಾಖೆಗಳನ್ನು ಕರಾರಿನ ಮೇಲೆ ನಡೆಸುತ್ತಿದ್ದವರಿಗೆ ಲೆಕ್ಕ ತಾಳೆಯಾಗದೆ ಕಾರಣವಿಲ್ಲದ ಕೊರತೆ ಕಾಣತೊಡಗಿತು. ಹ್ಯಾಂಪ್‌ಶೈರಿನ ಹಳ್ಳಿಯೊಂದರಲ್ಲಿ ಅಂಗಡಿಯ ಜೊತೆಗೆ ಅಂಚೆ ಶಾಖೆ ನಡೆಸುತ್ತಿದ್ದ ಜೋ ಹ್ಯಾಮಿಲ್ಟನ್ ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದಂತೆ ಗುಂಡಿ ಒತ್ತಿದಾಗ ಪರದೆಯ ಮೇಲಿನ ಸುಮಾರು 2,000 ಪೌಂಡ್ ಕೊರತೆ ಕಣ್ಣೆದುರೇ 4,000 ಆಯಿತು. ಆಕೆ ಮನೆಯನ್ನು ಅಡವಿಟ್ಟು ಹಣ ತುಂಬಿದರು. ಕಳ್ಳತನದ ಆರೋಪದಿಂದ ಪಾರಾಗಲು ಸುಳ್ಳು ಲೆಕ್ಕ ಬರೆದ ತಪ್ಪನ್ನು ಒಪ್ಪಿಕೊಂಡರು. ಫೋನ್ ಮಾಡಿದ ಒಬ್ಬೊಬ್ಬರಿಗೂ ಸಿಗುತ್ತಿದ್ದುದು ಒಂದೇ ಉತ್ತರ: ಬೇರೆ ಯಾರಿಗೂ ಈ ತೊಂದರೆಯಿಲ್ಲ, ನಿಮಗೊಬ್ಬರಿಗೇ. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ನಡೆಸಿದ್ದು ಸ್ವತಃ ಅಂಚೆ ಸಂಸ್ಥೆ. ಹಣ ಕಳೆದುಕೊಂಡೆ ಎಂದದ್ದೂ ಅದೇ, ತನಿಖೆ ಮಾಡಿದ್ದೂ ಅದೇ, ಕಟಕಟೆಗೆ ಎಳೆದದ್ದೂ ಅದೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಗರ್ಭಿಣಿಯೊಬ್ಬರೂ ಜೈಲು ಸೇರಿದರು.

ವೇಲ್ಸ್‌ನಲ್ಲಿ ಶಾಖೆ ನಡೆಸುತ್ತಿದ್ದ ಅಲನ್ ಬೇಟ್ಸ್ ತಮ್ಮದಲ್ಲದ ಕೊರತೆಯನ್ನು ತುಂಬಲು ಒಪ್ಪಲಿಲ್ಲ. 2003ರಲ್ಲಿ ಅವರ ಕರಾರು ರದ್ದಾಯಿತು. 2009ರ ಮೇ ತಿಂಗಳಲ್ಲಿ ಒಂದು ಪತ್ರಿಕೆ ಅವರೂ ಸೇರಿದಂತೆ ಏಳು ಜನರ ಕಥೆಯನ್ನು ಒಟ್ಟಿಗೆ ಅಚ್ಚು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಂಗಣದಲ್ಲಿ ಸಂತ್ರಸ್ತರು ಸಭೆ ಸೇರಿದರು. ವರ್ಷಗಟ್ಟಲೆ ‘ನಾನೊಬ್ಬನೇ’, ‘ನಾನೊಬ್ಬಳೇ’ ಎಂದುಕೊಂಡು ಹೆಂಡತಿ ಮಕ್ಕಳಿಗೂ ಮುಖ ತೋರಿಸಲಾಗದೆ ಬದುಕಿದ್ದವರು ಆ ಬಾಗಿಲು ದಾಟಿ ಒಳಗೆ ಬಂದಾಗ, ಕುರ್ಚಿಗಳಲ್ಲಿ ತಮ್ಮಂಥವರೇ ಕುಳಿತಿದ್ದರು. ಆ ಕೋಣೆಯನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಮುಂದೆ 555 ಜನ ಒಟ್ಟಾಗಿ ದಾವೆ ಹೂಡಿದರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. 2024ರ ಮೇ ತಿಂಗಳಲ್ಲಿ ಸಂಸತ್ತು ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಿಗೆ ರದ್ದುಮಾಡಿತು. ಅಷ್ಟರಲ್ಲಿ ಹಲವರು ತೀರಿಹೋಗಿದ್ದರು.

ಈಗ ನನ್ನ ಪಾಲಿನ ಮಾತು. ಗೆರೆ ಎಳೆದ ಹಾಳೆಯ ಆ ಪತ್ರಕ್ಕೆ ಹಣ ಮರಳಿತು ಎಂದು ಮೇಲೆ ಬರೆದೆನಲ್ಲ, ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ತಪ್ಪು ಸಾವಿರಾರು ಬಿಲ್ಲುಗಳಲ್ಲಿ ಆಗಿರುವುದು ತಿಳಿದುಬಂತು. ಬರೆದು ಕೇಳಿದವರಿಗೆ ಮಾತ್ರ ಹಿಂದಿರುಗಿಸಿ ಎಂದು ಮೇಲಿನಿಂದ ಆದೇಶವಾಯಿತು. ಫೋನಿನಲ್ಲಿ ಕೇಳಿದವರಿಗೆ ‘ನೀವೊಬ್ಬರೇ ಹೀಗೆ ಹೇಳುತ್ತಿರುವುದು’ ಎನ್ನಬೇಕು. ನನ್ನ ಎಡಗೈಯ ತಟ್ಟೆಯಲ್ಲಿ ಅದೇ ದೂರಿನ ನಲವತ್ತು ಪತ್ರಗಳಿದ್ದವು. ಅವುಗಳ ಮೇಲೆ ಕೈಯಿಟ್ಟುಕೊಂಡೇ ನಾನು ಆ ವಾಕ್ಯ ಹೇಳಿದೆ, ಒಮ್ಮೆಯಲ್ಲ, ಇಡೀ ಮಧ್ಯಾಹ್ನ. ಒಬ್ಬ ಹೆಂಗಸು ‘ಹಾಗಾದರೆ ನನ್ನದೇ ತಪ್ಪಿರಬೇಕು, ಕ್ಷಮಿಸಿ’ ಎಂದು ಫೋನಿಟ್ಟರು. ಆ ಧ್ವನಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆದ್ದರಿಂದ ನಾಲ್ಕನೆಯ ದೂರು ಕೊಡಿ. ಅದಕ್ಕೂ ಮೊದಲು ಅದೇ ಬಿಲ್ಲು ಬರುವ ನೆರೆಯವರ ಬಾಗಿಲು ತಟ್ಟಿ, ಅವರ ಕಾಗದವನ್ನು ನಿಮ್ಮದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ನಾನು ಒಂದು ಸಹಾಯವಾಣಿಯಲ್ಲಿ ಕೆಲಸ ಮಾಡುತ್ತೇನೆ. ಕಂಪನಿಯ ತಪ್ಪಿಗೆ ದಿನವಿಡೀ ಬೈಗುಳ ತಿನ್ನುವವಳು ನಾನು. ಕೆಲಸ ಬಿಡುವ ಸ್ಥಿತಿ ನನ್ನದಲ್ಲ. ನಾನೇನು ಮಾಡಲಿ?

ಉತ್ತರ: ತಂಗಿ, ನಿಮಗೆ ಬೈಯುವವರ ಪರವಾಗಿ ನಾನು ಮಾತಾಡುವುದಿಲ್ಲ. ದರ ಗೊತ್ತುಮಾಡಿದವರ ಫೋನ್ ಸಂಖ್ಯೆ ಅವರಿಗೆ ಸಿಗುವುದಿಲ್ಲ, ನಿಮ್ಮದು ಸಿಗುತ್ತದೆ, ಅಷ್ಟೇ. ಇದನ್ನು ಓದುವ ಉಳಿದವರು ದಯವಿಟ್ಟು ಗಮನಿಸಿ.

ಕೆಲಸ ಬಿಡಿ ಎಂದು ನಾನು ಹೇಳಲಾರೆ. ನಾನೇ ಹನ್ನೊಂದು ವರ್ಷ ಬಿಡಲಿಲ್ಲ. ನನ್ನ ಕೈಯಲ್ಲಿ ಆಗದ ಒಂದು ಕೆಲಸವನ್ನು ನೀವು ಮಾಡಬಹುದು. ಗ್ರಾಹಕರ ಹೆಸರು ವಿವರ ಏನನ್ನೂ ಬರೆಯದೆ, ಒಂದೇ ಬಗೆಯ ದೂರು ದಿನಕ್ಕೆ ಎಷ್ಟು ಸಲ ಬಂತು ಎಂದು ಗೆರೆ ಹಾಕುತ್ತಾ ಹೋಗಿ. ವಾರದ ಕೊನೆಗೆ ಆ ಎಣಿಕೆಯನ್ನು ಮೇಲ್ವಿಚಾರಕರಿಗೆ ಲಿಖಿತವಾಗಿ ಕೊಡಿ. ಬ್ರಿಟನ್ನಿನ ಆ ಅಂಚೆ ಶಾಖೆಗಳ ಲೆಕ್ಕವನ್ನು ದೂರದಿಂದಲೇ ಬದಲಿಸಲು ಸಾಧ್ಯವಿತ್ತು ಎಂದು ಫುಜಿತ್ಸುವಿನಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ರಿಚರ್ಡ್ ರೋಲ್ ಮುಂದೆ ಬಂದು ಹೇಳಿದ್ದರಿಂದ ಶಾಖೆ ನಡೆಸುತ್ತಿದ್ದವರ ದಾವೆಗೆ ಬಲ ಬಂತು. ಒಳಗಿದ್ದವರ ಎಣಿಕೆಗೆ, ಒಳಗಿದ್ದವರ ಮಾತಿಗೆ ಅಷ್ಟು ತೂಕವಿದೆ.

‘ನೀವೊಬ್ಬರೇ’ ಎಂದು ಹೇಳುವಂತೆ ನಿಮಗೂ ಸೂಚನೆಯಿದ್ದರೆ, ಆ ಒಂದು ವಾಕ್ಯವನ್ನು ನುಂಗಿಕೊಳ್ಳಿ. ‘ನಿಮ್ಮ ದೂರನ್ನು ಬರೆದುಕೊಂಡೆ, ಸಂಖ್ಯೆ ಕೊಡುತ್ತೇನೆ, ಬರೆದುಕೊಳ್ಳಿ’ ಎಂದರೆ ಯಾರೂ ನಿಮ್ಮನ್ನು ತಪ್ಪಿತಸ್ಥಳನ್ನಾಗಿ ಮಾಡಲಾರರು. ಗೆರೆಗಳು ಎಷ್ಟಾದವು ಎಂದು ಒಂದು ತಿಂಗಳ ನಂತರ ನನಗೆ ಬರೆಯಿರಿ. ನಿಮ್ಮ ಪತ್ರಕ್ಕಾಗಿ ಕಾಯುತ್ತಿರುತ್ತೇನೆ.